ಬರೆದದ್ದನ್ನ ಎಲ್ಲಿ ಮಡಗ್ತದೆ?

ದಸರಾ ಸೇಲ್ ಶುರುವಾಗೋ ಹೊತ್ತಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ರೆಡಿಯಾಗಿತ್ತು. ಹೆಸರು 'ಪೆನ್ ಟ್ಯಾಬ್ ಫೈನಲ್ 3'. ಸ್ಕ್ರೀನ್ ಎಷ್ಟು ಇಂಚು, ಪೆನ್ನು ಡಬ್ಬಿಯಲ್ಲೇ ಬರುತ್ತಾ ಬೇರೆ ಕೊಳ್ಳಬೇಕಾ, ಪೆನ್ನಿಗೆ ಚಾರ್ಜ್ ಬೇಕಾ, ಒತ್ತಡದ ಲೆವೆಲ್ ಎಷ್ಟು, ಬೆಲೆ ಎಷ್ಟು. ಒಂದೊಂದಕ್ಕೂ ಒಂದೊಂದು ಕಾಲಂ. ರಾತ್ರಿ ಒಂದು ಗಂಟೆವರೆಗೆ 'ಈ ವರ್ಷದ ಬೆಸ್ಟ್' ವಿಡಿಯೋಗಳನ್ನ ನೋಡಿ ನೋಡಿ, ಕನಸಲ್ಲೂ ಯಾರೋ ಅನ್‌ಬಾಕ್ಸ್ ಮಾಡ್ತಿದ್ದರು.

ಟ್ಯಾಬ್ ಬೇಕಾಗಿದ್ದು ನನಗಲ್ಲ, ಗುಂಡ್ಲುಪೇಟೆಯಲ್ಲಿರೋ ಅಪ್ಪನಿಗೆ. ಹೈಸ್ಕೂಲಲ್ಲಿ ಕನ್ನಡ ಮೇಷ್ಟರಾಗಿದ್ದವರು. ವಯಸ್ಸು 72. ನಿವೃತ್ತಿ ಆದಮೇಲೆ ಒಂದು ಹುಚ್ಚು ಹಿಡಿಸಿಕೊಂಡಿದ್ದಾರೆ: ಚಾಮರಾಜನಗರದಿಂದ ಗುಂಡ್ಲುಪೇಟೆವರೆಗೆ ಸಿಗೋ ಹಳ್ಳಿಗಳ ಹೊಲ, ಕಟ್ಟೆ, ಬಂಡೆ, ಓಣಿಗಳಿಗೆ ಜನ ಕರೆಯೋ ಹೆಸರು ಕೂಡಿಸೋದು. ಸರ್ವೆ ನಂಬರ್ ಅಲ್ಲ, ಬಾಯಲ್ಲಿರೋ ಹೆಸರು. ಮೊದಲು ನೋಟ್‌ಬುಕ್ಕಲ್ಲಿ ಬರೀತಿದ್ದರು. ಆಮೇಲೆ ನಾನೇ ದೊಡ್ಡ ಬುದ್ಧಿವಂತನ ಹಾಗೆ ಫೋನಲ್ಲಿ ಟೈಪ್ ಮಾಡೋದು ಕಲಿಸಿದೆ. ನಾಲ್ಕು ತಿಂಗಳು ಒಂದೊಂದೇ ಅಕ್ಷರ ಕುಟ್ಟಿ ಕೂಡಿಸಿದರು. ಡಿಸ್‌ಪ್ಲೇ ಹೋಯ್ತು ಅಂತ ಒಂದು ರಿಪೇರಿ ಅಂಗಡಿಗೆ ಕೊಟ್ಟರೆ, ಅವರು ರಿಸೆಟ್ ಮಾಡಿ, ಒರೆಸಿ, ಹೊಸ ಗ್ಲಾಸ್ ಅಂಟಿಸಿ, ಪಳಪಳ ಅನ್ನಿಸಿ ಕೊಟ್ಟರು. ಬ್ಯಾಕಪ್ ಆನ್ ಮಾಡಿಕೊಡದೆ ಇದ್ದದ್ದು ನನ್ನ ತಪ್ಪು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಅವರಿಗೆ ಬೆರಳಲ್ಲಿ ಟೈಪ್ ಮಾಡೋಕೆ ಆಗಲ್ಲ, ಆದರೆ ಪೆನ್ನು ಹಿಡಿದರೆ ಅಕ್ಷರ ಇನ್ನೂ ಮುತ್ತು. ಅದಕ್ಕೇ ಪೆನ್ ಟ್ಯಾಬ್. ಫೋನ್ ಮಾಡಿ ವಿಷಯ ಹೇಳಿದೆ.

"ಬರ್ದದ್ದನ್ನ ಎಲ್ಲಿ ಮಡಗ್ತದೆ ಅದು?" ಅಂದರು. ನಮ್ಮ ಕಡೆ 'ಇಡು' ಅನ್ನೋದಕ್ಕಿಂತ 'ಮಡಗು' ಅನ್ನೋದೇ ಹೆಚ್ಚು.

"ಕ್ಲೌಡಲ್ಲಿ," ಅಂದೆ. ಒಂದು ಕ್ಷಣ ಆ ಕಡೆ ಸದ್ದಿಲ್ಲ.

"ಅಳಿಸ್ಬೋದಾ?"

"ಎಷ್ಟು ಸಲ ಬೇಕಾದ್ರೂ."

"ಹಂಗಾದ್ರೆ ಅದು ಕಡತ ಕನ್ಲಾ. ನಮ್ಮನೇಲೂ ಒಂದಿತ್ತು," ಅಂದರು.

ಕಡತ ಅಂದ ತಕ್ಷಣ ನಿಮ್ಮ ಕಣ್ಣಿಗೆ ಏನು ಬರುತ್ತೆ? ನನಗೆ ಬಂದದ್ದು ತಾಲ್ಲೂಕು ಆಫೀಸಿನ ಕೆಂಪು ಟೇಪು, 'ಕಡತ ವಿಲೇವಾರಿ' ಅನ್ನೋ ಬೋರ್ಡು. ಇನ್ನೂ ಸ್ವಲ್ಪ ಕನ್ನಡ ಸಾಫ್ಟ್‌ವೇರ್ ಬಳಸಿದವರಿಗೆ ಮೆನುವಿನ ಮೊದಲನೇ ಪದ: ಕಡತ, ಅಂದರೆ ಫೈಲ್. ಆ ಪದ ಮೊದಲು ಒಂದು ವಸ್ತುವಿನ ಹೆಸರಾಗಿತ್ತು, ಅದೂ ಪೆನ್ನಿನಲ್ಲಿ ಬರೆದು ಅಳಿಸಿ ಮತ್ತೆ ಬರೆಯೋ ವಸ್ತು ಅಂತ ನನಗೆ ಗೊತ್ತಿರಲಿಲ್ಲ. ಆ ಶನಿವಾರ ಬಸ್ ಹತ್ತಿದೆ.

ಕಡತ ಮಾಡೋ ವಿಧಾನ ಸರಳ. ಉದ್ದನೆ ಹತ್ತಿ ಬಟ್ಟೆ ತಗೊಂಡು ಅದರ ಎರಡೂ ಕಡೆ ಹುಣಸೆ ಬೀಜದ ಅಂಟಲ್ಲಿ ಇದ್ದಿಲ ಪುಡಿ ಕಲಸಿದ ಕಪ್ಪು ಸರಿಯನ್ನ ಬಳಿಯೋದು. ಒಣಗಿದ ಮೇಲೆ ಗಟ್ಟಿಯಾಗಿ, ನುಣುಪಾದ ಕರಿಹಲಗೆ ಥರ ಆಗುತ್ತೆ. ಅದನ್ನ ಹಿಂದೆ ಮುಂದೆ, ಹಿಂದೆ ಮುಂದೆ ಅಂತ ಮಡಿಚಿ, ಎರಡು ತುದಿಗೂ ಮರದ ಹಲಗೆ ಅಂಟಿಸಿದರೆ ಪುಸ್ತಕ. ಬರೆಯೋಕೆ ಬಳಪ. ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದವರಿಗೆ ಬಳಪ ಗೊತ್ತೇ ಇರುತ್ತೆ. ಮೆತ್ತನೆ ಕಲ್ಲಿನ ಬಿಳಿ ಕಡ್ಡಿ. ಒರೆಸಿದರೆ ಹೋಗುತ್ತೆ, ಒರೆಸದಿದ್ದರೆ ವರ್ಷಗಟ್ಟಲೆ ಇರುತ್ತೆ. ಬಟ್ಟೆ ಸವೆದು ಮಂಕಾದರೆ ಇನ್ನೊಂದು ಕೋಟ್ ಕಪ್ಪು ಬಳಿದರೆ ಆಯ್ತು. ಅಂಗಡಿಯವರು, ಶಾನುಭೋಗರು, ಮಠದವರು ಎಲ್ಲರೂ ಬಳಸ್ತಿದ್ದರು. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇತಿಹಾಸ ಬರೆಯೋರಿಗೆ ಆಧಾರ.

ಇದನ್ನ ಕುತೂಹಲದಿಂದ ದಾಖಲಿಸಿದವರಲ್ಲಿ ಒಬ್ಬ ಮಾರ್ಕ್ ವಿಲ್ಕ್ಸ್. ಟಿಪ್ಪು ಸತ್ತ ಕೆಲವೇ ವರ್ಷಗಳ ನಂತರ ಮೈಸೂರಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದವನು, 1810ರಲ್ಲಿ ಮೈಸೂರಿನ ಇತಿಹಾಸದ ಮೊದಲ ಸಂಪುಟ ಅಚ್ಚು ಹಾಕಿಸಿದ. ಅವನ ಅಳತೆ ಪ್ರಕಾರ ಕಡತದ ಅಗಲ 8ರಿಂದ 12 ಇಂಚು, ಉದ್ದ 12ರಿಂದ 18 ಅಡಿ. ನನ್ನ ಶೀಟಿನಲ್ಲಿದ್ದ ಟ್ಯಾಬ್‌ಗಳ ಸ್ಕ್ರೀನೂ 8ರಿಂದ 12 ಇಂಚಿನ ಆಸುಪಾಸೇ ಇತ್ತು ಅನ್ನೋದನ್ನ ನೋಡಿ ನಗು ಬಂತು. ಕೈ ಅಗಲ ಬದಲಾಗಿಲ್ಲವಲ್ಲ. ಅಲೆಕ್ಸಾಂಡರನ ನೌಕಾಪತಿ ನಿಯಾರ್ಕಸ್, ಹಿಂದೂಸ್ತಾನದವರು ಚೆನ್ನಾಗಿ ಬಡಿದ ಬಟ್ಟೆ ಮೇಲೆ ಬರೀತಾರೆ ಅಂದಿದ್ದ. ಅವನು ಹೇಳಿದ್ದು ಇಂಥದ್ದನ್ನೇ ಇರಬಹುದು ಅಂತ ವಿಲ್ಕ್ಸ್‌ನ ಊಹೆ. ಊಹೆ ಸರಿಯೋ ತಪ್ಪೋ, ಎರಡು ಸಾವಿರ ವರ್ಷದ ಬ್ಯಾಟರಿ ಲೈಫ್ ಅಂತ ಯಾವ ಕಂಪನಿ ಹೇಳಿಕೊಳ್ಳುತ್ತೆ ಹೇಳಿ.

ಕಡತದ ಕಥೆ ನಮ್ಮ ಊರಿಗೆ ಇನ್ನೂ ಹತ್ತಿರ. ಊಟಿ ರಸ್ತೆಯಲ್ಲಿ ಗುಂಡ್ಲುಪೇಟೆ ದಾಟಿದರೆ ಹಂಗಳ ಸಿಗುತ್ತೆ. ನೀವು ಬಂಡೀಪುರ ಸಫಾರಿಗೆ ಹೋಗುವಾಗ ನಿಲ್ಲಿಸದೆ ದಾಟಿದ್ದೀರಿ. ಮೈಸೂರಿನ ದೊರೆ ಆಗೋ ಮೊದಲು ಚಿಕ್ಕದೇವರಾಜ ಒಡೆಯರನ್ನ ಅಲ್ಲೇ ಇರಿಸಲಾಗಿತ್ತು. ಹಂಗಳದ ಗೆಳೆಯ ವಿಶಾಲಾಕ್ಷ ಪಂಡಿತನನ್ನ ಅವರು 1673ರಲ್ಲಿ ಪಟ್ಟಕ್ಕೆ ಬಂದ ಮೇಲೆ ಮಂತ್ರಿ ಮಾಡಿಕೊಂಡರು. ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಸ್ಥಾನ ಕಟ್ಟಿಸಿದವರೂ ಅವರೇ. ಲೆಕ್ಕದಲ್ಲಿ ಬಹಳ ಬಿಗಿ ಮನುಷ್ಯ. ಎರಡು ಸಾವಿರ ವರಹ ಖಜಾನೆಗೆ ಬೀಳದೆ ಬೆಳಗಿನ ಉಪಾಹಾರ ಮುಟ್ಟುತ್ತಿರಲಿಲ್ಲ ಅನ್ನೋ ಕಥೆ ಇದೆ, 'ನವಕೋಟಿ ನಾರಾಯಣ' ಅನ್ನೋ ಹೆಸರೂ ಇದೆ. ರೈತರಿಗೆ ಆ ಹೆಸರು ಹೇಗೆ ಕೇಳಿಸುತ್ತಿತ್ತೋ ಬೇರೆ ಮಾತು. ಆಡಳಿತವನ್ನ ಹದಿನೆಂಟು ಚಾವಡಿಗಳಾಗಿ ಒಡೆದು 'ಅಠಾರಾ ಕಚೇರಿ' ಮಾಡಿದರು. ನಿರೂಪದ ಚಾವಡಿ, ಆಯಕಟ್ಟಿನ ಚಾವಡಿ ಇತ್ಯಾದಿ. ಕಚೇರಿ ಅಂದಮೇಲೆ ಲೆಕ್ಕ, ಲೆಕ್ಕ ಅಂದಮೇಲೆ ಕಡತ. ಬಟ್ಟೆ ಮಾಯವಾಗಿ ಕಾಗದ ಬಂದ ಮೇಲೂ ಸರ್ಕಾರಿ ಬಾಯಲ್ಲಿ ಆ ಪದ ಉಳಿದದ್ದು ಹೀಗೆ.

ಚಾಮರಾಜನಗರದ ಕಡೆಯದೊಂದು ಕಥೆಯನ್ನೂ ಹೇಳಿಬಿಡ್ತೀನಿ. ಇತಿಹಾಸ ಬರೆಯೋಕೆ ಕೂತ ಮೇಷ್ಟರ ಮಗನಿಗೆ ಅದು ತುಂಬ ಇಷ್ಟ. 1804ರಲ್ಲಿ ಕರ್ನಲ್ ಕಾಲಿನ್ ಮೆಕೆಂಜಿಯ ಸರ್ವೆ ತಂಡ ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಗೆ ಬಂತು. ಆಗ ಊರಿಗೆ ಚಾಮರಾಜನಗರ ಅನ್ನೋ ಹೆಸರು ಇನ್ನೂ ಬಂದಿರಲಿಲ್ಲ, ಅರಿಕುಠಾರ ಅಂತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರು ಅಂತ ಹೆಸರು ಬದಲಿಸಿದ್ದು 1818ರಲ್ಲಿ. ಮೆಕೆಂಜಿಗೆ ಸ್ಥಳಪುರಾಣ, ಶಾಸನ, ಹಳೆ ಲೆಕ್ಕದ ಬರಹ ಎಲ್ಲಾ ಬೇಕಿತ್ತು. ಕನಕಗಿರಿಯ ದೇವಚಂದ್ರ ಅನ್ನೋ ಜೈನ ವಿದ್ವಾಂಸ ತನಗೆ ಗೊತ್ತಿದ್ದನ್ನ ಹೇಳಿದ. ಆ ಹಸಿವು ದೇವಚಂದ್ರನಿಗೂ ಅಂಟಿಕೊಂಡಿರಬೇಕು. ಮುಂದೆ ಅವನೇ 'ರಾಜಾವಳಿ ಕಥೆ' ಬರೆದ. ಯಾರೋ ಬಂದು "ನಿಮ್ಮೂರಿನ ಕಥೆ ಹೇಳಿ" ಅಂತ ಕೇಳೋವರೆಗೆ ಊರಿನ ಕಥೆ ಬರೆಯಬೇಕು ಅನ್ನಿಸೋದೇ ಇಲ್ಲ ನಮಗೆ. ನಮ್ಮಪ್ಪನನ್ನ ಯಾರೂ ಕೇಳಿಲ್ಲ, ಆದರೂ ಬರೀತಿದ್ದಾರೆ.

ಇಷ್ಟೆಲ್ಲಾ ಹೇಳಿ ಅಪ್ಪ, "ನಮ್ಮನೇದು ನಾನೇ ಅಳಿಸ್ದೆ," ಅಂದರು.

ನನ್ನ ಮುತ್ತಾತ ಗುಂಡ್ಲುಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದರಂತೆ. ಒಂದು ದಾರಿ ಊಟಿಗೆ, ಒಂದು ದಾರಿ ಸುಲ್ತಾನ್ ಬತ್ತೇರಿಗೆ. ಗಾಡಿಯವರು ನಿಂತು ಉಪ್ಪು, ಬೆಲ್ಲ, ಸೀಮೆಎಣ್ಣೆ ತಗೊಂಡು ಹೋಗೋ ಜಾಗ. ಸಾಲದ ಲೆಕ್ಕ ಎಲ್ಲಾ ಒಂದು ಕಡತದಲ್ಲಿ. ಅಂಗಡಿ ಮುಚ್ಚಿ ವರ್ಷಗಳಾಗಿ ಅದು ಅಟ್ಟ ಸೇರಿತ್ತು. 1958ರಲ್ಲಿ ಅಪ್ಪನಿಗೆ ಆರು ವರ್ಷ. ಸ್ಲೇಟು ಒಡೆದುಹೋಗಿತ್ತು, ಹೊಸದು ಕೊಡಿಸು ಅಂದರೆ ಬೀಳುತ್ತೆ ಏಟು. ಅಟ್ಟ ಹತ್ತಿ ನೋಡಿದರೆ ಹದಿನೈದು ಅಡಿ ಉದ್ದದ ಸ್ಲೇಟು! ಒದ್ದೆ ಬಟ್ಟೆ ತಗೊಂಡು ಒಂದೊಂದೇ ಮಡಿಕೆ ಒರೆಸಿ ಕಾಗುಣಿತ ಬರೆದಿದ್ದಾರೆ. ಕ ಕಾ ಕಿ ಕೀ ಇಂದ ಳ ವರೆಗೆ, ಪೂರ್ತಿ. ಸಾಯಂಕಾಲ ತಾತನಿಗೆ ಹೆಮ್ಮೆಯಿಂದ ತೋರಿಸಿದ್ದಾರೆ.

ಏಟು ಬಿದ್ದದ್ದರ ಬಗ್ಗೆ ಅಪ್ಪ ಹೆಚ್ಚು ಹೇಳಲಿಲ್ಲ. ಹೇಳಿದ್ದು ಇಷ್ಟು: ಅದರಲ್ಲಿ ಯಾರ ಯಾರ ಬಾಕಿ ಇತ್ತೋ, ಯಾವುದೋ ಹೊಲ ಅಡ ಹಾಕಿಕೊಂಡ ವಿಷಯವೂ ಇತ್ತಂತೆ, ಅದಾದ ಮೇಲೆ ತಾತ ಯಾರನ್ನೂ ಕೇಳೋ ಹಂಗಿರಲಿಲ್ಲ. ಆರು ಮನೆಯವರು ಆವತ್ತು ಹೋಳಿಗೆ ಮಾಡಿರಬೇಕು ಅಂತ ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. ಕಡತದ ಒಂದು ಮರದ ಹಲಗೆ ಮಾತ್ರ ಈಗ ಉಳಿದಿದೆ, ಟಿವಿ ಸ್ಟ್ಯಾಂಡಿನ ಗಿಡ್ಡ ಕಾಲಿನ ಕೆಳಗೆ. ಮೂವತ್ತು ವರ್ಷದಿಂದ ಅದನ್ನ ನೋಡ್ತಾ ಇದ್ದೀನಿ, ಏನು ಅಂತ ಕೇಳಿರಲೇ ಇಲ್ಲ.

ಬೆಂಗಳೂರಿಗೆ ವಾಪಸ್ ಬಂದು ಎಕ್ಸೆಲ್ ಶೀಟ್ ತೆರೆದರೆ ಅಪ್ಪನ ಪ್ರಶ್ನೆಗೆ ಒಂದು ಕಾಲಮ್ಮೂ ಇರಲಿಲ್ಲ. ಸೇರಿಸಿದೆ: 'ಎಲ್ಲಿ ಮಡಗ್ತದೆ?' ಆ ಕಾಲಂ ತುಂಬಿಸೋಕೆ ಹೊರಟವನು ಪೆನ್ ಕಂಪ್ಯೂಟರಿನ ಇತಿಹಾಸ ಓದ್ತಾ ಕೂತೆ. ಅದು ಒಂಥರಾ ಸ್ಮಶಾನದಲ್ಲಿ ವಾಕಿಂಗ್.

1964ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ಪೆನ್ನಿನಲ್ಲಿ ಬರೆಯೋ ಹಲಗೆ ಮಾಡಿತು, ಬೆಲೆ 18,000 ಡಾಲರ್. ಹಿಡಿದು ಓಡಾಡುವಂಥ ಗ್ರಿಡ್‌ಪ್ಯಾಡ್ ಬಂದದ್ದು 1989ರಲ್ಲಿ. 1993ರಲ್ಲಿ ಆಪಲ್‌ನ ನ್ಯೂಟನ್: ಕೈಬರಹ ಓದುತ್ತೆ ಅಂತ ಜಾಹೀರಾತು, ಅದು ಓದಿದ ರೀತಿಗೆ ಕಾರ್ಟೂನಿನವರೆಲ್ಲ ಗೇಲಿ ಮಾಡಿದರು, 1998ರಲ್ಲಿ ನಿಲ್ಲಿಸಿಬಿಟ್ಟರು. ಪಾಮ್ ಪೈಲಟ್ ಜಾಣತನ ಮಾಡಿತು, ನಿಮ್ಮ ಅಕ್ಷರ ನಾನು ಕಲಿಯಲ್ಲ, ನನ್ನ ಅಕ್ಷರ ನೀವು ಕಲಿಯಿರಿ ಅಂತು. ಇನ್ನು ಐದು ವರ್ಷದಲ್ಲಿ ಎಲ್ಲರ ಕೈಯಲ್ಲೂ ಟ್ಯಾಬ್ಲೆಟ್ ಪಿಸಿಯೇ ಹೆಚ್ಚಿರುತ್ತೆ ಅಂತ 2001ರಲ್ಲಿ ಬಿಲ್ ಗೇಟ್ಸ್ ಭವಿಷ್ಯ ಹೇಳಿದರು. ಹಾಗಾಗಲಿಲ್ಲ. 2007ರಲ್ಲಿ ಸ್ಟೀವ್ ಜಾಬ್ಸ್ ಸ್ಟೈಲಸ್ ಯಾರಿಗೆ ಬೇಕು ಅಂತ ವೇದಿಕೆ ಮೇಲೆ ಮೂಗು ಮುರಿದರು. 2011ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ ಬಂತು, ವಾಕಾಮ್ ಕಂಪನಿಯ ತಂತ್ರಜ್ಞಾನದ ಪೆನ್ನಿನ ಜೊತೆ. 2015ರಲ್ಲಿ ಆಪಲ್ ತಾನೇ ಪೆನ್ಸಿಲ್ ಮಾರಿತು, ಅದೂ ಬೇರೆ ದುಡ್ಡಿಗೆ.

ಈ ಪಟ್ಟಿಯಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ನಮ್ಮದೇ ಒಂದು ಯಂತ್ರ, ಸಿಂಪ್ಯೂಟರ್. ನಿಮ್ಮಲ್ಲಿ 35 ದಾಟಿದವರಿಗೆ ಪೇಪರಿನಲ್ಲಿ ಫೋಟೋ ನೋಡಿದ ನೆನಪಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿ. ವಿನಯ್, ವಿಜಯ್ ಚಂದ್ರು, ರಮೇಶ್ ಹರಿಹರನ್, ಜೊತೆಗೆ ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮತ್ತು ಸಂಗಡಿಗರು ಸೇರಿ ಟ್ರಸ್ಟ್ ಕಟ್ಟಿ ಮಾಡಿದ್ದು. ಏಪ್ರಿಲ್ 2001ರಲ್ಲಿ ಮೊದಲ ಮಾದರಿ ಹೊರಗೆ ಬಂತು. 206 ಮೆಗಾಹರ್ಟ್ಸ್ ಚಿಪ್, 32 ಎಂಬಿ ಮೆಮೊರಿ, ಒಳಗೆ ಲಿನಕ್ಸ್, ಬಣ್ಣವಿಲ್ಲದ ಪುಟ್ಟ ಸ್ಕ್ರೀನ್, ಅದರ ಮೇಲೆ ಮುಟ್ಟಿ ಬರೆಯೋಕೆ ಒಂದು ಕಡ್ಡಿ. ಓದೋಕೆ ಬರದವರಿಗೆ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳೋ ಸಾಫ್ಟ್‌ವೇರೂ ಮಾಡಿದ್ದರು. ಗುರಿಯಿಟ್ಟ ಬೆಲೆ ಸುಮಾರು 9,000 ರೂಪಾಯಿ.

ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಸ್ಮಾರ್ಟ್ ಕಾರ್ಡ್ ತೂತು. ಊರಿಗೆ ಒಂದೇ ಯಂತ್ರ ಸಾಕು, ಪ್ರತಿಯೊಬ್ಬರ ಹತ್ತಿರ ಅವರವರ ಕಾರ್ಡ್. ತಂದು ಸಿಕ್ಕಿಸಿದರೆ ಯಂತ್ರ ನಿಮ್ಮದು, ತೆಗೆದುಕೊಂಡು ಹೋದರೆ ನಿಮ್ಮ ಲೆಕ್ಕ ನಿಮ್ಮ ಜೇಬಲ್ಲಿ. ಅಂದರೆ ಎಲ್ಲಿ ಮಡಗ್ತದೆ ಅನ್ನೋ ಪ್ರಶ್ನೆಗೆ ಅವರು 2001ರಲ್ಲೇ ಉತ್ತರ ಯೋಚಿಸಿದ್ದರು. ಆ ಡಿಸೆಂಬರಿನಲ್ಲಿ ಬ್ರೂಸ್ ಸ್ಟರ್ಲಿಂಗ್ ಅನ್ನೋ ಲೇಖಕ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನಿನಲ್ಲಿ ಬರೆದ: ಕಂಪ್ಯೂಟರ್ ಲೋಕದಲ್ಲಿ ಆ ವರ್ಷದ ಅತಿ ಮುಖ್ಯ ಹೊಸತು ಆಪಲ್‌ನದೂ ಅಲ್ಲ, ವಿಂಡೋಸ್ ಎಕ್ಸ್‌ಪಿಯೂ ಅಲ್ಲ, ಸಿಂಪ್ಯೂಟರ್ ಅಂತ. 'ವರ್ಷದ ಬೆಸ್ಟ್' ಅನ್ನೋ ಕಿರೀಟ ಬೆಂಗಳೂರಿನ ಪೆನ್ ಕಂಪ್ಯೂಟರಿಗೂ ಒಮ್ಮೆ ಸಿಕ್ಕಿತ್ತು!

ಆಮೇಲೆ? ಏಪ್ರಿಲ್ 2004ರಲ್ಲಿ ಬಿಇಎಲ್ ಮತ್ತು ಪಿಕೊಪೆಟಾ ಸೇರಿ 'ಅಮಿಡಾ ಸಿಂಪ್ಯೂಟರ್' ಅನ್ನ ಮಾರುಕಟ್ಟೆಗೆ ಬಿಟ್ಟವು. ಅಲುಗಿಸಿದರೆ ಅರಿಯೋ ಸೆನ್ಸರ್ ಇತ್ತು, ಐಫೋನ್ ಬರೋಕೆ ಮೂರು ವರ್ಷ ಮೊದಲು. ರಾಜ್ಯ ಸರ್ಕಾರ ಭೂದಾಖಲೆ ಕೆಲಸಕ್ಕೂ ಸಿಂಪ್ಯೂಟರ್ ಬಳಸಿತು. ಆದರೆ ಚಿಲ್ಲರೆ ಸಂಖ್ಯೆಯಲ್ಲಿ ಮಾಡಿದ ಯಂತ್ರದ ಬೆಲೆ ಇಳಿಯಲಿಲ್ಲ, ಅಷ್ಟರಲ್ಲಿ ಮೊಬೈಲ್ ಫೋನ್ ಬೆಲೆ ಪಾತಾಳಕ್ಕೆ ಇಳಿದಿತ್ತು. 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು 4,000 ಅಷ್ಟೆ. ಇದನ್ನ ಸೋಲು ಅಂತ ಗೇಲಿ ಮಾಡಿದ ಲೇಖನಗಳು ಬೇಕಾದಷ್ಟಿವೆ. ನಾನು ಗೇಲಿ ಮಾಡಲ್ಲ. ಗುಂಡ್ಲುಪೇಟೆಯಲ್ಲಿ ಓದಿ ಬೆಂಗಳೂರಿಗೆ ಬಂದ ನನಗೆ, ಹಳ್ಳಿಯವರ ಕೈಗೆ ಕಂಪ್ಯೂಟರ್ ಕೊಡಬೇಕು ಅಂತ ನಮ್ಮವರು ಕೂತು ಯೋಚಿಸಿದ್ದರು ಅನ್ನೋದೇ ಸಣ್ಣ ಮಾತಲ್ಲ. ನನ್ನ ಪ್ರಶ್ನೆ ಬೇರೆ: ಆ ಯಂತ್ರಗಳಲ್ಲಿ ಕಡ್ಡಿ ಹಿಡಿದು ಬರೆದರಲ್ಲ, ಅದೆಲ್ಲ ಈಗ ಎಲ್ಲಿ?

ಈ ಪ್ರಶ್ನೆ ಕನ್ನಡದಲ್ಲಿ ಬರೆಯೋರಿಗೆ ಇನ್ನೂ ಹತ್ತಿರದ್ದು. ಅಪ್ಪ ಶಾಲೆಯಲ್ಲಿದ್ದಾಗ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಪ್ರಶ್ನೆಪತ್ರಿಕೆಗಳು ಒಂದು ಸಿಡಿಯಲ್ಲಿವೆ. ಯೂನಿಕೋಡ್ ಅಲ್ಲದ ಬರಹ. ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದೆ, ಕನ್ನಡದ ಜಾಗದಲ್ಲಿ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಪರಿವರ್ತಕ ಹುಡುಕಿದರೆ ಸರಿಹೋಗುತ್ತೆ, ಗೊತ್ತು. ಆದರೆ ಇಪ್ಪತ್ತು ವರ್ಷಕ್ಕೇ ಪರಿವರ್ತಕ ಬೇಕಾಯ್ತಲ್ಲ. 1804ರಲ್ಲಿ ಮೆಕೆಂಜಿಯ ಜನ ಕೂಡಿಸಿದ್ದನ್ನ ಚೆನ್ನೈನ ಹಸ್ತಪ್ರತಿ ಭಂಡಾರದಲ್ಲಿ ಇವತ್ತು ಕೂತು ಓದಬಹುದು, ಕಣ್ಣು ಚೆನ್ನಾಗಿದ್ದರೆ ಸಾಕು.

ಅಲ್ಲಿಗೆ ನನ್ನ ಶೀಟಿನ ಅರ್ಧ ಕಾಲಂಗಳು ಬಿದ್ದುಹೋದವು. 4,096 ಲೆವೆಲ್ ಒತ್ತಡ ಚಿತ್ರ ಬರೆಯೋರಿಗೆ ಬೇಕು. ಹೊಲದ ಹೆಸರು ಬರೆಯೋರಿಗೆ ಎರಡು ಲೆವೆಲ್ ಸಾಕು, ಮುಟ್ಟಿದೆ, ಮುಟ್ಟಿಲ್ಲ. ಪೆನ್ನು ಹಿಂದೆ ಬೀಳದೆ ಗೆರೆ ಮೂಡಬೇಕು, ಅದು ನಿಜ. 2019ರಲ್ಲಿ ಆಪಲ್ ತನ್ನ ಪೆನ್ಸಿಲ್ಲಿನ ತಡವನ್ನ 20 ಮಿಲಿಸೆಕೆಂಡಿಂದ 9ಕ್ಕೆ ಇಳಿಸಿತು, ಈಗ ಮಧ್ಯಮ ಬೆಲೆಯವೂ ಅಪ್ಪನ ವೇಗಕ್ಕೆ ಸಾಲುತ್ತವೆ. ಕೈ ಊರಿದರೆ ಗೀಚಬಾರದು. ಪೆನ್ನಿಗೆ ಚಾರ್ಜ್ ಬೇಡದೆ ಇದ್ದರೆ ಒಳ್ಳೇದು. ವಾಕಾಮ್ ಥರದ ಪೆನ್ನು ಸ್ಕ್ರೀನಿಂದಲೇ ಶಕ್ತಿ ತಗೊಳ್ಳುತ್ತೆ, ಬ್ಯಾಟರಿ ಇಲ್ಲ, ಬಳಪದ ಹಾಗೆ ಸದಾ ರೆಡಿ. ಮೆಮೊರಿ ಕಾರ್ಡ್ ಹಾಕೋ ಜಾಗ ಇರಲೇಬೇಕು. ಬರೆದದ್ದು ಆ ಕಂಪನಿಯ ಆಪ್‌ನಲ್ಲಿ ಮಾತ್ರ ತೆರೆಯೋ ಫೈಲ್ ಆಗದೆ, ಪಿಡಿಎಫ್ ಆಗಿ ಹೊರಗೆ ಬರಬೇಕು.

ದೀಪಾವಳಿಗೆ ಅಪ್ಪ ಬೆಂಗಳೂರಿಗೆ ಬಂದಾಗ ಅಂಗಡಿಗೆ ಕರ್ಕೊಂಡು ಹೋದೆ. ಈ ವರ್ಷದ ಬೆಸ್ಟ್ ಅಂತ ಎಲ್ಲರೂ ಹೊಗಳಿದ್ದರ ಮೇಲೆ ಮೊದಲು ಬರೆಸಿದೆ. "ಜಾರ್ತದೆ," ಅಂದರು. ಎಣ್ಣೆ ಹಚ್ಚಿದ ಗಾಜಿನ ಮೇಲೆ ಬರೆದ ಹಾಗೆ ಅಂತ. ಕೈಬರಹವನ್ನ ಅಚ್ಚಕ್ಷರ ಮಾಡುತ್ತೆ ನೋಡಿ ಸಾರ್ ಅಂತ ಅಂಗಡಿ ಹುಡುಗ ಕನ್ನಡ ಹ್ಯಾಂಡ್‌ರೈಟಿಂಗ್ ಕೀಬೋರ್ಡ್ ತೆರೆದ. ಅಪ್ಪ 'ಎಮ್ಮೆಕಲ್ಲುಗುಡ್ಡೆ ಓಣಿ' ಅಂತ ಬರೆದರು, ಅದು ತನಗೆ ತೋಚಿದ್ದೇನೋ ಬರೆದುಕೊಂಡಿತು. ಎರಡನೇ ಸಲ ಸರಿ ಬಂತು. ಹುಡುಗನಿಗೆ ಖುಷಿ. ಅಪ್ಪ ಮಾತ್ರ, "ಅಕ್ಷರ ನಂದೇ ಇರ್ಲಿ ಬುಡಪ್ಪ," ಅಂದರು.

ಕೊನೆಗೆ ತಗೊಂಡದ್ದು ಹೋದ ವರ್ಷದ ಮಾಡೆಲ್. ಪೆನ್ನು ಡಬ್ಬಿಯಲ್ಲೇ ಬಂತು, ಚಾರ್ಜ್ ಬೇಡ. ಮೇಲೆ 400 ರೂಪಾಯಿಯ ಒರಟು ಮ್ಯಾಟ್ ಫಿಲ್ಮ್ ಅಂಟಿಸಿದ ಮೇಲೆ ಮತ್ತೆ ಬರೆದು ನೋಡಿ, "ಈಗ ಸದ್ದು ಬತ್ತದೆ," ಅಂದರು. ಬಳಪದ ಸದ್ದು. 'ಫೈನಲ್ 3'ರಲ್ಲಿ ಆ ಮಾಡೆಲ್ ಏಳನೇ ಸ್ಥಾನದಲ್ಲಿತ್ತು.

ಈಗಿನ ವ್ಯವಸ್ಥೆ ಹೀಗಿದೆ. ಪ್ರತಿ ಭಾನುವಾರ ಬರೆದದ್ದು ಪಿಡಿಎಫ್ ಆಗುತ್ತೆ. ಒಂದು ಪ್ರತಿ ಮೆಮೊರಿ ಕಾರ್ಡಿಗೆ, ಒಂದು ಕ್ಲೌಡಿಗೆ, ಒಂದು ಚಾಮರಾಜನಗರದಲ್ಲಿರೋ ಅಕ್ಕನಿಗೆ. ಅವಳು ತಿಂಗಳಿಗೊಮ್ಮೆ ಬಸ್ ಸ್ಟ್ಯಾಂಡ್ ಹತ್ತಿರ ಪ್ರಿಂಟ್ ಹಾಕಿಸಿ ದಾರ ಪೋಣಿಸಿ ಕಟ್ಟಿ ಇಡ್ತಾಳೆ. ಕ್ಲೌಡ್ ಬಗ್ಗೆ ಅಪ್ಪನಿಗೆ ಇನ್ನೂ ನಂಬಿಕೆ ಇಲ್ಲ, ಪ್ರಿಂಟ್ ಬಂತಾ ಅಂತ ಮಾತ್ರ ಕೇಳ್ತಾರೆ.

ಮೊದಲನೇ ಭಾನುವಾರದ ಪಿಡಿಎಫ್ ತೆರೆದರೆ ಹೊಲದ ಹೆಸರು ಒಂದೂ ಇರಲಿಲ್ಲ. ಮೇಲೆ 'ಅಂಗಡಿ ಲೆಕ್ಕ, ನೆನಪಿದ್ದಷ್ಟು' ಅಂತ ಬರೆದು ಕೆಳಗೆ ಗೆರೆ ಎಳೆದಿದ್ದರು. ಐದು ಹೆಸರು. ಒರೆಸೋ ಮೊದಲು ಓದಿದ್ದಂತೆ, ಆಗಷ್ಟೇ ಓದೋಕೆ ಕಲಿತಿದ್ದರಲ್ಲ. ನಾಲ್ಕರ ಮುಂದೆ ಆಣೆ ಪೈಸೆಯಲ್ಲಿ ಬಾಕಿ ಇದೆ. ಐದನೆಯದರ ಮುಂದೆ 'ಹೊಲ' ಅಂತ ಬರೆದು, ಮೊತ್ತದ ಜಾಗ ಖಾಲಿ ಬಿಟ್ಟಿದ್ದಾರೆ.